ಆಚೆಯ ಕೈ

ನಮ್ಮ ಮನೆಯ ಹಿಂದೆ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಒಂದು ಬಿಳಿಯ ತಟ್ಟೆಯನ್ನು ಕಂಬಕ್ಕೆ ಬಿಗಿದು ನಿಲ್ಲಿಸಿದೆ. ದಕ್ಷಿಣಕ್ಕೆ ತುಸು ವಾಲಿಕೊಂಡು, ಬೊಗಸೆಯೊಡ್ಡಿದವನ ಹಾಗೆ ಹಗಲೂ ರಾತ್ರಿ ಆಕಾಶವನ್ನು ನೋಡುತ್ತಿರುತ್ತದೆ. ಬಂದವರೆಲ್ಲ ಅದನ್ನು ಟಿ.ವಿ.ಯ ತಟ್ಟೆ ಎಂದುಕೊಳ್ಳುತ್ತಾರೆ. ಅಲ್ಲ, ಅದು ನನ್ನ ತಮ್ಮನ ಮಗ ಶೇರುಪೇಟೆಯಲ್ಲಿ ದಿನದ ವ್ಯಾಪಾರ ಮಾಡುವುದಕ್ಕೆಂದು ಹಾಕಿಸಿಕೊಂಡ ಉಪಗ್ರಹದ ಅಂತರಜಾಲ. ಈ ತಟ್ಟೆಯಿಂದಾಗಿ, ಎಪ್ಪತ್ತು ದಾಟಿದ ಮೇಲೆ, ನನಗೊಂದು ಪ್ರಶ್ನೆ ಅಂಟಿಕೊಂಡಿದೆ. ಕಣ್ಣಿಗೆ ಕಾಣದವನಿಂದ ನಾವು ಪಡೆದದ್ದಕ್ಕೆ ನಾವು ಉತ್ತರವಾದಿಗಳೆ? ಪ್ರಶ್ನೆ ಹಳೆಯದು. ಆದರೆ ಅದು ನನ್ನ ಜಗಲಿಯವರೆಗೆ ನಡೆದು ಬಂದ ಬಗೆ ಹೊಸದು. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಸಕಲೇಶಪುರದಿಂದ ಆಚೆಗೆ, ಘಟ್ಟದ ಸೆರಗಿನಲ್ಲಿ ನಮ್ಮ ಊರು. ಊರೆಂದರೆ ಕೂಗಳತೆಯಲ್ಲಿರುವ ಏಳೆಂಟು ಮನೆ, ನಡುವೆ ಕಾಫಿ, ಮೆಣಸು, ಗದ್ದೆ, ಹಳ್ಳ. ನಾನು ಮೂವತ್ತೆರಡು ವರ್ಷ ಮೇಷ್ಟರ ಕೆಲಸ ಮಾಡಿ, ನಿವೃತ್ತನಾಗಿ, ನಾಲ್ಕು ಎಕರೆ ತೋಟ ನೋಡಿಕೊಂಡಿದ್ದೇನೆ. ಮೊಬೈಲಿನ ಸಂಪರ್ಕ ಬೇಕಾದರೆ ಗುಡ್ಡದ ನೆತ್ತಿಗೆ ಹತ್ತಬೇಕು. ತಂತಿ ಎಳೆದರೆ ಮೊದಲ ಮಳೆಗೇ ಯಾವುದಾದರೊಂದು ಮರ ಅದರ ಮೇಲೆ ಒರಗುತ್ತದೆ. ಬೆಂಗಳೂರಿನಲ್ಲಿ ಆರು ವರ್ಷ ಕೆಲಸದಲ್ಲಿದ್ದ ಹುಡುಗ ತಂದೆ ತೀರಿಕೊಂಡ ಮೇಲೆ 2021ರಲ್ಲಿ ಊರಿಗೆ ಬಂದ. "ದೊಡ್ಡಪ್ಪ, ನಾನಿನ್ನು ಇಲ್ಲೇ ಇರುತ್ತೇನೆ" ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ತೋಟಕ್ಕೆ ಒಂದು ದಿಕ್ಕಾಯಿತು ಎಂದುಕೊಂಡೆ. ಆಮೇಲೆ ತಟ್ಟೆ ಬಂತು.

ತಟ್ಟೆಯ ಬಗ್ಗೆ ನನಗೆ ಮೊದಮೊದಲು ಹೆಮ್ಮೆಯೇ ಇತ್ತು. ಅದು ನೋಡುತ್ತಿರುವ ಉಪಗ್ರಹ ಭೂಮಧ್ಯರೇಖೆಯ ನೇರಕ್ಕೆ 35,786 ಕಿಲೋಮೀಟರ್ ಎತ್ತರದಲ್ಲಿದೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದೂ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಆಗುತ್ತದೆ. ಸೂರ್ಯ ಚಂದ್ರರ ಸೆಳೆತಕ್ಕೆ ಅದು ಅತ್ತಿತ್ತ ಸರಿಯದಂತೆ ನೋಡಿಕೊಳ್ಳುವ ಇಸ್ರೋ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ. ಶೇರುಪೇಟೆಗೂ ಉಪಗ್ರಹಕ್ಕೂ ಇರುವ ನಂಟು ಕೂಡ ನಿನ್ನೆ ಮೊನ್ನೆಯದಲ್ಲ. 1994ರಲ್ಲಿ ಮುಂಬಯಿಯಲ್ಲಿ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ ಶುರುವಾದಾಗ ಊರೂರ ದಲ್ಲಾಳಿಗಳನ್ನು ಒಂದೇ ಪೇಟೆಗೆ ಕೂಡಿಸಿದ್ದು ಇಂಥ ತಟ್ಟೆಗಳೇ. ಅದಕ್ಕೆ ಮುಂಚೆ ದಲಾಲ ಬೀದಿಯ ಅಂಗಳದಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, ಕೂಗಿ ಕೂಗಿ ವ್ಯಾಪಾರ ಮಾಡುತ್ತಿದ್ದರು. ಆ ಕೂಗು ನಿಂತಿತು, ಮುಖಗಳೂ ಮರೆಯಾದವು. ಆ ಎರಡನೆಯ ಸಂಗತಿ ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ನಾನು ವಿರೋಧಿಸಲಿಲ್ಲವೆಂದಲ್ಲ. "ಇದು ಜೂಜಲ್ಲವೇನೋ?" ಎಂದು ಕೇಳಿದೆ. ಹುಡುಗ ಓದಿದವನು, ಉತ್ತರ ಸಿದ್ಧವಾಗಿತ್ತು.

"ದೊಡ್ಡಪ್ಪ, ಕಳೆದ ವರ್ಷದ ಮೆಣಸನ್ನು ನೀವು ಇನ್ನೂ ಮೂಟೆಯಲ್ಲಿ ಇಟ್ಟುಕೊಂಡಿದ್ದೀರಿ. ಯಾತಕ್ಕೆ?"

"ಬೆಲೆ ಬರಲಿ ಅಂತ."

"ನಾನೂ ಬೆಲೆ ಬರಲಿ ಅಂತಲೇ ಕಾಯುವುದು. ನೀವು ಆರು ತಿಂಗಳು ಕಾಯುತ್ತೀರಿ, ನಾನು ಆರು ನಿಮಿಷ ಕಾಯುತ್ತೇನೆ. ನಿಮ್ಮ ರೊಬಸ್ಟಾದ ಬೆಲೆ ನಿರ್ಧಾರವಾಗುವುದು ಲಂಡನ್ನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಕೂತು ಅದನ್ನು ಏರಿಸಿ ಇಳಿಸುವವರು ಒಂದು ಕಾಫಿ ಗಿಡವನ್ನೂ ಕಂಡವರಲ್ಲ. ಫೆಬ್ರವರಿಯಲ್ಲಿ ಹೂಮಳೆ ಬರುತ್ತದೋ ಇಲ್ಲವೋ ಎಂದು ಮೋಡ ನೋಡುತ್ತ ಕೂರುತ್ತೀರಲ್ಲ, ಅದು ಜೂಜಲ್ಲವೆ?"

ನಾನು ಸುಮ್ಮನಾದೆ. ಅವನ ಮಾತು ಸುಳ್ಳಾಗಿರಲಿಲ್ಲ. ಕಾಫಿ ಮಂಡಳಿಗೆ ಬೆಳೆಯನ್ನೆಲ್ಲ ಒಪ್ಪಿಸಿ ಅವರು ಕೊಟ್ಟಾಗ ಕೊಟ್ಟಷ್ಟನ್ನು ಪಡೆಯುತ್ತಿದ್ದ ಕಾಲವನ್ನೂ, 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗಿ ಬೆಳೆಗಾರ ತನಗೆ ಬೇಕಾದವರಿಗೆ ಮಾರಿಕೊಳ್ಳುವಂತಾದ ಕಾಲವನ್ನೂ ನಾನು ಕಂಡಿದ್ದೇನೆ. ಆ ಸ್ವಾತಂತ್ರ್ಯ ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಬೆಲೆ ಏರಲೆಂದು ಕಾಯುವ ಆಸೆ ತೋಟದವನಿಗೆ ಶೋಭಿಸಿ, ಕಂಪ್ಯೂಟರಿನ ಮುಂದೆ ಕುಳಿತವನಿಗೆ ಶೋಭಿಸದು ಎನ್ನುವುದು ಹೇಗೆ? ಕೈ ಕೆಸರಾಗದೆ ಬಂದದ್ದೆಲ್ಲ ಪಾಪದ ಹಣವೆನ್ನುವುದಾದರೆ, ನನ್ನ ಪಿಂಚಣಿಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಏನೆಂದು ಕರೆಯಲಿ? ಹೀಗೆ ವಾದದಲ್ಲಿ ಸೋತೆ. ಸೋತವನು ಸುಮ್ಮನಿರಬಹುದಾಗಿತ್ತು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು. ಒಂದು ಲಕ್ಷ ರೂಪಾಯಿ ಅವನ ಕೈಗೆ ಕೊಟ್ಟೆ. ಲಾಭದಲ್ಲಿ ಅರ್ಧ ನನಗೆ, ಅರ್ಧ ಅವನಿಗೆ ಎಂದು ಮಾತಾಯಿತು.

ಪೇಟೆ ತೆರೆಯುವುದು ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಮುಚ್ಚುವುದು ಮಧ್ಯಾಹ್ನ ಮೂರೂವರೆಗೆ. ಅಷ್ಟು ಹೊತ್ತು ಅವನು ಒಳಕೋಣೆ ಬಿಟ್ಟು ಏಳುತ್ತಿರಲಿಲ್ಲ. ಅವನ ವ್ಯಾಪಾರ ಕಂಪೆನಿಯ ಶೇರುಗಳಲ್ಲಿ ಅಲ್ಲ, ಆಪ್ಷನ್ ಎಂಬ ಕರಾರಿನಲ್ಲಿ. ಪೇಟೆಯ ಸೂಚ್ಯಂಕ ಏರುತ್ತದೆ ಎನ್ನುವವನು ಒಂದು ಬಗೆಯ ಕರಾರು ಕೊಳ್ಳುತ್ತಾನೆ, ಇಳಿಯುತ್ತದೆ ಎನ್ನುವವನು ಇನ್ನೊಂದು ಬಗೆಯದು. ಊಹೆ ನಿಜವಾದರೆ ಕೊಟ್ಟ ಹಣ ಎರಡು ಮೂರು ಪಟ್ಟಾಗುತ್ತದೆ. ತಪ್ಪಿದರೆ ಬಿಸಿಲಿಗಿಟ್ಟ ಮಂಜುಗಡ್ಡೆಯ ಹಾಗೆ ಕರಗುತ್ತದೆ. ಪ್ರತಿ ದಿನ ಒಳಹೊಕ್ಕಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡುತ್ತದೆ: ಈ ವ್ಯಾಪಾರದಲ್ಲಿ ತೊಡಗಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ನಷ್ಟ ಹೊಂದುತ್ತಾರೆ ಎಂದು. ಸೆಬಿಯ ಆಜ್ಞೆಯಂತೆ 2023ರಿಂದ ಅದನ್ನು ತೋರಿಸಲೇಬೇಕು. ಹುಡುಗ ಅದನ್ನು ಒತ್ತಿ ದಾಟುತ್ತಿದ್ದ. ಸಿಗರೇಟಿನ ಪೊಟ್ಟಣದ ಮೇಲಿನ ಚಿತ್ರವನ್ನು ಸೇದುವವನು ನೋಡುವಷ್ಟೇ ನೋಡುತ್ತಿದ್ದ.

ನಮ್ಮ ತಟ್ಟೆಗೆ ಇನ್ನೊಂದು ತೊಡಕಿತ್ತು. ಇಲ್ಲಿಂದ ಹೊರಟ ಸಂದೇಶ ಉಪಗ್ರಹಕ್ಕೆ ಏರಿ, ನೆಲಕ್ಕಿಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಏರಿ ಇಳಿಯಬೇಕಾದರೆ ಅರ್ಧ ಸೆಕೆಂಡು ಹಿಡಿಯುತ್ತದೆ. ಬೆಳಕಿನ ವೇಗದಲ್ಲಿ ಹೋದರೂ ಅಷ್ಟು ಬೇಕು, ದೂರ ಅಷ್ಟಿದೆ. ದೊಡ್ಡ ಸಂಸ್ಥೆಗಳೋ ವಿನಿಮಯ ಕೇಂದ್ರದ ಆವರಣದಲ್ಲೇ ತಮ್ಮ ಯಂತ್ರಗಳನ್ನು ಇರಿಸಿಕೊಂಡಿವೆ. ಅಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲನ್ನು ಎಣಿಸಿ ವ್ಯವಹಾರ ನಡೆಯುತ್ತದೆ. ನಮ್ಮ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಅವು ಸಾವಿರ ಸಲ ಕೊಂಡು ಸಾವಿರ ಸಲ ಮಾರಿರುತ್ತವೆ. "ಎತ್ತಿನ ಗಾಡಿಯಲ್ಲಿ ಕೂತು ರೈಲಿನ ಜತೆ ಪಂದ್ಯವೇನೋ?" ಎಂದು ಹಾಸ್ಯ ಮಾಡಿದರೆ, "ನಾನು ಅಷ್ಟು ಅವಸರದ ವ್ಯಾಪಾರ ಮಾಡುವುದಿಲ್ಲ" ಎನ್ನುತ್ತಿದ್ದ.

ಹೀಗಿರುವಾಗ ಆಚೆಮನೆಯ ಹುಡುಗ ಬರಲು ಶುರುಮಾಡಿದ. ನನ್ನ ಶಾಲೆಯಲ್ಲೇ ಓದಿದವನು. ತಂದೆಯಿಲ್ಲ, ಒಂದೂವರೆ ಎಕರೆ ತೋಟ, ತಾಯಿ, ಕಾಲೇಜು ಸೇರಬೇಕಾಗಿದ್ದ ತಂಗಿ. ಮೊದಲು ನೋಡಲು ಬಂದ, ಆಮೇಲೆ ಕಲಿಯಲು, ಕೊನೆಗೆ ತನ್ನದೂ ಒಂದು ಖಾತೆ ತೆರೆದು, ನಮ್ಮ ತಟ್ಟೆಯ ನೆರಳಿನಲ್ಲೇ ಮೊಬೈಲು ಹಿಡಿದು ಕೂರತೊಡಗಿದ. ಊರಿನ ಹುಡುಗ, ಸಂಪರ್ಕ ಹಂಚಿಕೊಂಡರೆ ತಪ್ಪೇನು ಎಂದು ನಾನೇ ಹೇಳಿದ್ದೆ. ಹಾಲು, ಮೊಸರು, ಮಡಿಕೆ, ಗುದ್ದಲಿ ಹಂಚಿಕೊಂಡು ಬಾಳಿದ ಊರು ಇದು.

ಇನ್ನು 2024ನೆಯ ಜೂನ್ 4. ಲೋಕಸಭೆಯ ಮತ ಎಣಿಕೆಯ ದಿನ. ಮತಗಟ್ಟೆಯ ಸಮೀಕ್ಷೆಗಳನ್ನು ನಂಬಿ ಹಿಂದಿನ ದಿನ ಸೆನ್ಸೆಕ್ಸ್ ಎರಡೂವರೆ ಸಾವಿರ ಅಂಶ ಏರಿತ್ತು. ಆ ಬೆಳಿಗ್ಗೆ ಪೇಟೆ ತೆರೆಯುತ್ತಲೇ ಇಳಿಯಿತು. "ನಿನ್ನೆ ಅಷ್ಟು ಏರಿದ್ದು, ಮಧ್ಯಾಹ್ನದೊಳಗೆ ಮತ್ತೆ ಮೇಲೆ ಬರುತ್ತದೆ" ಎಂದು ಆಚೆಮನೆಯ ಹುಡುಗ ನಲವತ್ತೆರಡು ಸಾವಿರಕ್ಕೆ ಏರಿಕೆಯ ಕರಾರು ಕೊಂಡ. ನಮ್ಮವನು ನನ್ನ ಹಣದಿಂದ ಇಳಿಕೆಯದನ್ನು ಕೊಂಡ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಾನೇ ಇಬ್ಬರಿಗೂ ಕಾಫಿ ತಂದುಕೊಟ್ಟೆ.

ಹನ್ನೊಂದರ ಹೊತ್ತಿಗೆ ನಮ್ಮವನಿಗೆ ಎಂಟು ಸಾವಿರ ಲಾಭ ಕಾಣುತ್ತಿತ್ತು. ಸಾಕು, ಮಾರಿಬಿಡುತ್ತೇನೆ ಎಂದ. ಇನ್ನೊಬ್ಬನ ಹಣ ಅರ್ಧಕ್ಕಿಳಿದಿತ್ತು. ಅವನೂ, ಉಳಿದಷ್ಟನ್ನಾದರೂ ತೆಗೆದುಕೊಂಡು ಎದ್ದುಬಿಡುತ್ತೇನೆ ಎಂದ. ಇಬ್ಬರ ಬೆರಳೂ ಪರದೆಯ ಮೇಲಿತ್ತು. ಅಷ್ಟರಲ್ಲಿ ಮಳೆ ಬಂತು. ನಮ್ಮ ಕಡೆಯ ಜೂನ್ ಮಳೆ ಹೇಗೆಂದು ಬಲ್ಲವರೇ ಬಲ್ಲರು: ಮೋಡ ಬಂದದ್ದು ತಿಳಿಯುವ ಮುನ್ನ ಅಂಗಳ ಕಾಣದಂತಾಗುತ್ತದೆ. ದಟ್ಟವಾದ ಮಳೆಯಲ್ಲಿ ಉಪಗ್ರಹದ ಅಲೆಗಳು ನೀರಿನ ಹನಿಗಳಲ್ಲೇ ಇಂಗಿಹೋಗಿ ತಟ್ಟೆಯನ್ನು ಮುಟ್ಟುವುದಿಲ್ಲ. ಸಂಪರ್ಕ ಕಡಿಯಿತು. ಗುಡ್ಡ ಹತ್ತಲು ಓಡಿದ ಹುಡುಗ ಅರ್ಧ ದಾರಿಯಲ್ಲಿ ಜಾರಿ ಬಿದ್ದು ಕೆಸರಾಗಿ ಹಿಂತಿರುಗಿದ. ನಲವತ್ತು ನಿಮಿಷ ಮೂವರೂ ಹೆಂಚಿನ ಮೇಲಿನ ಸದ್ದು ಕೇಳುತ್ತ ಕೂತೆವು.

ಮಳೆ ನಿಂತು ಪರದೆಗೆ ಜೀವ ಬಂದಾಗ ಪೇಟೆ ಪಾತಾಳಕ್ಕೆ ಇಳಿದಿತ್ತು. ಅಂದು ಸೆನ್ಸೆಕ್ಸ್ ಒಟ್ಟು 4,390 ಅಂಶ ಕುಸಿಯಿತೆಂದು ಮರುದಿನ ಪತ್ರಿಕೆಯಲ್ಲಿ ಓದಿದೆ. ಎಂಟು ಸಾವಿರಕ್ಕೆ ಮಾರಲಿದ್ದ ನಮ್ಮವನಿಗೆ ಮೂವತ್ತೊಂದು ಸಾವಿರ ಬಂತು. ಇನ್ನೊಬ್ಬನ ನಲವತ್ತೆರಡು ಸಾವಿರದಲ್ಲಿ ಉಳಿದದ್ದು ಮೂರು ಸಾವಿರ. ಅವನು ಮೊಬೈಲನ್ನು ಅಂಗಿಯಿಂದ ಒರೆಸಿ, ಜೇಬಿಗೆ ಹಾಕಿ, "ಬರುತ್ತೇನೆ ಮೇಷ್ಟ್ರೆ" ಎಂದು ಹೇಳಿ ಹೋದ. ನಾನು ಹೂಂ ಎಂದೆ. ನನ್ನ ಪಾಲಿಗೆ ಹದಿನೈದೂವರೆ ಸಾವಿರ ಎಂದು ಮನಸ್ಸು ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿತ್ತು.

ಎರಡು ದಿನ ಕಳೆದು ಅವನ ತಾಯಿ ಬಂದರು. ಜಗಲಿಯ ಕೆಳಗೇ ನಿಂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ಮೇಷ್ಟ್ರೆ, ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. ಮೆಣಸು ಮಾರಿದ ದುಡ್ಡು ಇಟ್ಟಿದ್ದೆ. ಏನೋ ಕಂಪ್ಯೂಟರಿನಲ್ಲಿ ಹೋಯಿತಂತೆ. ಹದಿನೈದು ಸಾವಿರ ಆದರೆ ತಿಂಗಳು ತಿಂಗಳು ತೀರಿಸುತ್ತೇನೆ" ಎಂದರು. ನಾನು ಒಳಗೆ ಹೋಗಿ ತಂದುಕೊಟ್ಟೆ. ಆಕೆ ನೋಟುಗಳನ್ನು ಕಣ್ಣಿಗೊತ್ತಿಕೊಂಡು, "ನಿಮ್ಮ ಋಣ ಹೇಗೆ ತೀರಿಸುವುದೋ" ಎಂದರು.

ಓದುಗರೇ, ಆ ಮಾತು ಕೇಳಿ ನಿಂತ ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ನಾನು ಕೊಟ್ಟದ್ದು ಸಾಲವೆ? ದಾನವೆ? ಅಥವಾ ಅವರ ಹಣವನ್ನೇ ಅವರಿಗೆ ಕೊಟ್ಟು, ಮೇಲೆ ಅವರ ಕೃತಜ್ಞತೆಯನ್ನೂ ಪಡೆದೆನೆ?

ಆ ರಾತ್ರಿ ಹುಡುಗನಿಗೆ ಇದನ್ನು ಹೇಳಿದೆ. ಅವನು ತರ್ಕಬದ್ಧವಾಗಿಯೇ ಉತ್ತರಿಸಿದ. "ಅವನ ದುಡ್ಡು ನಮಗೆ ಬರಲಿಲ್ಲ, ದೊಡ್ಡಪ್ಪ. ಅವನಿಗೆ ಕರಾರು ಮಾರಿದವನು ಬೇರೆ, ನಮಗೆ ಮಾರಿದವನು ಬೇರೆ. ನಡುವೆ ಲಕ್ಷಾಂತರ ಜನ. ಯಾರ ಹಣ ಯಾರಿಗೆ ಹೋಯಿತೆಂದು ದೇವರಿಗೂ ತಿಳಿಯದು."

ಮಾತು ನಿಜ. ಊರಿನವರೆಲ್ಲ ಕೆರೆಗೆ ಒಂದೊಂದು ಕೊಡ ನೀರು ಸುರಿದರು, ನಾನು ಒಂದು ಕೊಡ ಎತ್ತಿಕೊಂಡೆ. ನನ್ನ ಕೊಡದಲ್ಲಿರುವುದು ಯಾರ ನೀರೆಂದು ಯಾರು ಹೇಳಬಲ್ಲರು? ಆದರೆ ಈ ಕೆರೆಗೆ ಮಳೆಯಿಲ್ಲ, ಊಟೆಯಿಲ್ಲ ಎಂಬುದನ್ನು ಮರೆಯಬಾರದು. ಸುರಿದದ್ದೇ ನೀರು. ಕಂಪೆನಿಯ ಶೇರನ್ನು ಹತ್ತು ವರ್ಷ ಇಟ್ಟುಕೊಂಡವನ ಸಂಗತಿ ಬೇರೆ: ಆ ಹತ್ತು ವರ್ಷ ಕಾರ್ಖಾನೆ ಏನನ್ನೋ ತಯಾರಿಸಿದೆ, ಜನ ಕೊಂಡಿದ್ದಾರೆ, ಲಾಭ ಹುಟ್ಟಿದೆ, ಎಲ್ಲರಿಗೂ ಒಂದಿಷ್ಟು ಸಿಕ್ಕಬಹುದು. ನಮ್ಮ ಒಂಬತ್ತೂಕಾಲರಿಂದ ಮೂರೂವರೆಯ ಕರಾರಿನಲ್ಲಿ ಹುಟ್ಟುವುದೇನೂ ಇಲ್ಲ. ಒಬ್ಬನಿಗೆ ಬಂದಷ್ಟೂ ಇನ್ನೊಬ್ಬನಿಂದ ಹೋದದ್ದು. ದಲ್ಲಾಳಿಯ ಶುಲ್ಕ, ಸರಕಾರದ ತೆರಿಗೆ ಕಳೆದರೆ ಅದಕ್ಕಿಂತ ಕಡಮೆಯೇ.

ಸುರಿಯುವವರು ಯಾರು, ಎತ್ತಿಕೊಳ್ಳುವವರು ಯಾರು ಎಂಬುದನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೆಬಿ ಲೆಕ್ಕ ಹಾಕಿ ಪ್ರಕಟಿಸಿತು. ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಮಿಕ್ಕ ಸಾಮಾನ್ಯ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದ್ದರು; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅವರಲ್ಲಿ ಮುಕ್ಕಾಲು ಪಾಲು ಜನರ ವರ್ಷದ ಆದಾಯ ಐದು ಲಕ್ಷಕ್ಕಿಂತ ಕಡಮೆ. ಬಹುಮಂದಿ ದೊಡ್ಡ ನಗರಗಳವರಲ್ಲ, ಸಣ್ಣ ಊರುಗಳವರು. ಲಾಭದ ದೊಡ್ಡ ಪಾಲು ಹೋದದ್ದು ಯಂತ್ರಗಳಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳಿಗೆ. ಎಂದರೆ, ನಮ್ಮಂಥವನು ಸೋತರೆ ಬಹುಮಟ್ಟಿಗೆ ಯಂತ್ರಕ್ಕೆ ಸೋಲುತ್ತಾನೆ. ಅಪರೂಪಕ್ಕೆ ಗೆದ್ದರೆ, ತನ್ನ ಹಾಗೆಯೇ ಯಾವುದೋ ಮೂಲೆಯ ಊರಿನಲ್ಲಿ ಮೆಣಸು ಮಾರಿದ ಹಣ ಹಿಡಿದು ಕೂತವನಿಂದ ಗೆದ್ದಿರುವ ಸಂಭವವೇ ಹೆಚ್ಚು.

ಧರ್ಮರಾಯನ ಜೂಜನ್ನು ನಾವು ಎಷ್ಟೊಂದು ಹಳಿಯುತ್ತೇವೆ! ಆದರೆ ಅವನ ಎದುರಿಗೆ ಶಕುನಿ ಕೂತಿದ್ದ. ಸೋತವನ ಮುಖ ಗೆದ್ದವನಿಗೆ ಕಾಣುತ್ತಿತ್ತು. ತುಂಬಿದ ಸಭೆ ಅದನ್ನು ನೋಡಿತು. ನೋಡಿಯೂ ಸುಮ್ಮನಿದ್ದ ಹಿರಿಯರನ್ನು ಇಂದಿಗೂ ಕ್ಷಮಿಸಿಲ್ಲ ನಾವು. ಈಗಿನ ಸಭೆಯಲ್ಲಿ ನೋಡುವವರೇ ಇಲ್ಲ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಹಣಕ್ಕೆ ಅಂಟಿದ ಬೆವರು, ಹೆಸರು, ಕಣ್ಣೀರು ಎಲ್ಲ ಕಳಚಿ ಬರೀ ಅಂಕಿ ಉಳಿಯುತ್ತದೆ. ಅಂಕಿಯನ್ನು ಪಡೆಯಲು ಯಾರಿಗೆ ಸಂಕೋಚ?

ಆ ದಿನ ಮಾತ್ರ ಹೇಗೋ ಆಚೆಯ ಕೈ ನನಗೆ ಕಾಣಿಸಿಬಿಟ್ಟಿತು. ಒಂದೇ ತಟ್ಟೆ, ಒಂದೇ ಬೆಂಚು, ಒಂದೇ ಮಳೆ. ನಮ್ಮವನು ಗೆದ್ದದ್ದು ಜಾಣತನದಿಂದಲ್ಲ. ಅವನ ಜಾಣತನ ಎಂಟು ಸಾವಿರಕ್ಕೆ ಮಾರು ಎಂದಿತ್ತು. ಆ ಹುಡುಗ ಅಷ್ಟು ಸೋತದ್ದು ದಡ್ಡತನದಿಂದಲೂ ಅಲ್ಲ. ಅವನ ಬುದ್ಧಿಯೂ ಏಳು ಎಂದಿತ್ತು. ಒಬ್ಬನಿಗೆ ವರವಾದ ಮಳೆಯೇ ಇನ್ನೊಬ್ಬನಿಗೆ ಶಾಪವಾಯಿತು. ಇದರಲ್ಲಿ ನಾನು ಗಳಿಸಿದ್ದು ಎನ್ನಬಹುದಾದ್ದು ಯಾವುದು?

ಯೋಚಿಸಿ ಯೋಚಿಸಿ ನನಗೆ ಹೊಳೆದ ಒರೆಗಲ್ಲು ಒಂದೇ. ಇಂಥ ಹಣ ಕೈಗೆ ಬಂದಾಗ, ಅದನ್ನು ಕಳೆದುಕೊಂಡವನು ನನ್ನ ಜಗಲಿಯ ಮುಂದೆ ನಿಂತಿದ್ದಾನೆ ಎಂದು ಭಾವಿಸಬೇಕು. ಅವನ ಮುಖ ನೋಡಿಯೂ ಅದನ್ನು ಜೇಬಿಗೆ ಹಾಕಿಕೊಳ್ಳಬಲ್ಲೆನೆ? ಕಾಫಿ ಮಾರಿದಾಗ ಹಾಕಿಕೊಳ್ಳಬಲ್ಲೆ: ವ್ಯಾಪಾರಿಯ ಗಾಡಿಯಲ್ಲಿ ನನ್ನ ಮೂಟೆಯಿದೆ, ನನ್ನ ಜೇಬಿನಲ್ಲಿ ಅವನ ಹಣವಿದೆ, ಇಬ್ಬರೂ ಒಂದೊಂದು ಪಡೆದಿದ್ದೇವೆ. ಮುಂದಿನ ಬೆಳೆಯ ಬೆಲೆಯನ್ನು ಇಂದೇ ಕರಾರು ಮಾಡಿ ಬೆಳೆಗಾರನ ಹೆದರಿಕೆಯನ್ನು ತನ್ನ ತಲೆಗೆ ಹೊತ್ತುಕೊಳ್ಳುವ ಲಂಡನ್ನಿನವನೂ ಹಾಕಿಕೊಳ್ಳಬಹುದು. ಹೊತ್ತ ಹೊರೆಗೆ ಅದು ಕೂಲಿ. ಆದ್ದರಿಂದ ಪೇಟೆಯೇ ಪಾಪವೆಂದು ನಾನು ಹೇಳುವುದಿಲ್ಲ. ನನ್ನ ಹದಿನೈದೂವರೆ ಸಾವಿರ ಮಾತ್ರ ಈ ಒರೆಗಲ್ಲಿಗೆ ನಿಲ್ಲಲಿಲ್ಲ. ನಾನು ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ. ಯಾರ ಹೊರೆಯನ್ನೂ ಹೊತ್ತಿರಲಿಲ್ಲ.

ನನ್ನ ಲಕ್ಷವನ್ನು ಹಿಂದಕ್ಕೆ ಪಡೆದೆ. ಹುಡುಗ ಬೇಸರಪಟ್ಟುಕೊಳ್ಳದೆ ಕೊಟ್ಟ. ತನ್ನ ಹಣದಲ್ಲಿ ಅವನು ಇನ್ನೂ ವ್ಯಾಪಾರ ಮಾಡುತ್ತಾನೆ, ಮೊದಲಿಗಿಂತ ಕಡಮೆ. ಬೇಡವೆನ್ನುವ ಅಧಿಕಾರ ನನಗಿದೆಯೆಂದು ಅನ್ನಿಸುವುದಿಲ್ಲ. ಆಚೆಮನೆಯ ಹುಡುಗನಿಗೆ ಮಾತ್ರ ಒಂದು ದಿನ ತೋಟದ ದಾರಿಯಲ್ಲಿ ಸಿಕ್ಕಾಗ ಎಲ್ಲವನ್ನೂ ಹೇಳಿದೆ: ಅಂದು ಗೆದ್ದ ಹಣ ನನ್ನದೆಂದೂ, ಅವನ ತಾಯಿಗೆ ಕೊಟ್ಟದ್ದು ಅದರಲ್ಲಿನ ಪಾಲೆಂದೂ, ಅದನ್ನು ಹಿಂತಿರುಗಿಸಬೇಕಾಗಿಲ್ಲವೆಂದೂ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಮೇಷ್ಟ್ರೆ. ನಾನು ಗೆದ್ದಿದ್ದರೆ ನಿಮಗೆ ಕೊಡುತ್ತಿದ್ದೆನೆ?" ಎಂದ. "ಅಮ್ಮನಿಗೆ ಮಾತ್ರ ಹೇಳಬೇಡಿ. ಜೂಜಿನ ದುಡ್ಡೆಂದರೆ ಮಗಳನ್ನು ಕಾಲೇಜು ಬಿಡಿಸಿಯಾಳು."

ಆದ್ದರಿಂದ ಆಕೆಗೆ ಇಂದಿಗೂ ತಿಳಿಯದು. ಪ್ರತಿ ತಿಂಗಳ ಮೊದಲ ವಾರ ಬಂದು, ಜಗಲಿಯ ಮೇಲೆ ಐನೂರು ರೂಪಾಯಿ ಇಟ್ಟು, "ಎಣಿಸಿಕೊಳ್ಳಿ ಮೇಷ್ಟ್ರೆ" ಎನ್ನುತ್ತಾರೆ. ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ. ತೆಗೆದುಕೊಂಡು ಅವರ ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಕಟ್ಟುತ್ತಿದ್ದೇನೆ. ಲೆಕ್ಕಕ್ಕೆ ಅದು ಸರಿಹೋಗಬಹುದು. ಆದರೆ ಆ ನೋಟುಗಳನ್ನು ಎಣಿಸುವಾಗ ಅವರ ಮುಖ ನೋಡುವುದು ನನ್ನಿಂದ ಇನ್ನೂ ಆಗಿಲ್ಲ.